ಡಾಕ್ಟರನ್ನು ಕತ್ತರಿಸಿದ್ದು ನಾನೇ

ಹಳೆಯ ಸಿನಿಮಾ ಅಂಕಣ ನನ್ನ ಪಾಲಿಗೆ ಬಂದಾಗ ನಮ್ಮ ಪತ್ರಿಕೆಯ ಡೆಸ್ಕಿನಲ್ಲಿ ಎಲ್ಲರೂ ಒಂದೇ ಮಾತು ಹೇಳಿದರು. ‘ಆರಾಮ್ ಕೆಲಸ ಬಿಡು, ಸತ್ತವರು ಯಾರೂ ಫೋನ್ ಮಾಡಿ ಬೈಯಲ್ಲ.’ ನಾನೂ ನಂಬಿದ್ದೆ.

ಆ ವಾರ ಜೀನ್ ಹಾರ್ಲೋ. 1930ರ ದಶಕದ ಹಾಲಿವುಡ್ ತಾರೆ, ಎಂಜಿಎಂ ಸ್ಟುಡಿಯೋದವಳು. ಬೆಳ್ಳಿ ಬಣ್ಣದ ಕೂದಲು, 26ಕ್ಕೇ ಸಾವು. ಬರೆಯುವವನಿಗೆ ಇನ್ನೇನು ಬೇಕು? 1937ರ ಮೇ ಕೊನೆಯಲ್ಲಿ ‘ಸಾರಟೋಗ’ ಚಿತ್ರದ ಸೆಟ್ಟಿನಲ್ಲಿ ಆಕೆಯ ಆರೋಗ್ಯ ಕೆಟ್ಟಿತು. ಜೂನ್ 7ಕ್ಕೆ ತೀರಿಕೊಂಡಳು. ಬಾಕಿ ಇದ್ದ ದೃಶ್ಯಗಳಿಗೆ ಮೇರಿ ಡೀಸ್ ಎಂಬಾಕೆಯನ್ನು ಡೂಪ್ ಹಾಕಿ, ಮುಖ ಕಾಣದ ಹಾಗೆ ನಿಲ್ಲಿಸಿ, ಬೇರೆಯವರಿಂದ ಮಾತಾಡಿಸಿ ಜುಲೈನಲ್ಲೇ ಚಿತ್ರ ಬಿಡುಗಡೆ ಮಾಡಿದರು. ಇದಿಷ್ಟೇ ಬರೆದಿದ್ದರೂ ಅಂಕಣ ತುಂಬುತ್ತಿತ್ತು.

ಆದರೆ ನನ್ನ ಕೈಗೆ ತಾಯಿಯ ಕಥೆ ಸಿಕ್ಕಿತ್ತಲ್ಲ. ಹಾರ್ಲೋ ತಾಯಿ ಕ್ರಿಶ್ಚಿಯನ್ ಸೈನ್ಸ್ ಪಂಥದವಳು. ಪ್ರಾರ್ಥನೆಯಿಂದಲೇ ಕಾಯಿಲೆ ವಾಸಿಯಾಗುತ್ತದೆ ಅಂತ ನಂಬುವ ಪಂಥ. ಹಾಗಾಗಿ ಡಾಕ್ಟರನ್ನು ಮನೆಯೊಳಗೆ ಬಿಡಲಿಲ್ಲ, ಮಗಳು ಸತ್ತಳು ಅನ್ನೋ ಕಥೆ ದಶಕಗಳಿಂದ ಓಡಾಡುತ್ತಿದೆ. ಅದರ ಜೊತೆ ಇನ್ನೊಂದು ವಿಷಯ ಸೇರಿಕೊಂಡಿತು. ಮಗಳ ನಿಜವಾದ ಹೆಸರು ಹಾರ್ಲೀನ್ ಕಾರ್ಪೆಂಟರ್. ಜೀನ್ ಹಾರ್ಲೋ ಅನ್ನೋದು ಮದುವೆಗೆ ಮುಂಚೆ ತಾಯಿಗಿದ್ದ ಹೆಸರು. ತಕ್ಷಣ ನನ್ನ ತಲೆಯಲ್ಲಿ ಸಾಲು ರೆಡಿ: ‘ಹೆಸರು ಕೊಟ್ಟವಳೇ ಉಸಿರು ಕಸಿದಳು.’ ಅದನ್ನೇ ಹೆಡ್ಡಿಂಗ್ ಮಾಡಿದೆ. ಎರಡು ಸಲ ಜೋರಾಗಿ ಓದಿಕೊಂಡೆ ಕೂಡ. ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಎಂಟೂವರೆಗೆ ಪೇಜ್ ಬಿಡಬೇಕು. ಎಂಟು ಹತ್ತಕ್ಕೆ ಹಿರಿಯ ಸಬ್ ಎಡಿಟರ್ ಮೇಡಂ ಪ್ರೂಫ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಪೆನ್ಸಿಲ್‌ನಲ್ಲಿ ಎರಡು ಸಾಲಿಗೆ ಗೆರೆ ಎಳೆದಿದ್ದರು. ಮೂರನೇ ಪ್ಯಾರಾದಲ್ಲಿ ‘ಪಿತ್ತಕೋಶದ ತೊಂದರೆ ಎಂದು ವೈದ್ಯರು ತಪ್ಪಾಗಿ ತಿಳಿದರು.’ ಆರನೆಯದರಲ್ಲಿ ‘ವೈದ್ಯರನ್ನು ತಾಯಿ ಹತ್ತಿರಕ್ಕೂ ಬಿಡಲಿಲ್ಲ.’

‘ನೋಡಪ್ಪಾ, ಇವೆರಡರಲ್ಲಿ ಒಂದು ಸುಳ್ಳಿರಬೇಕು ಅಲ್ವಾ?’

‘ತಾಯಿ ಕಥೆ ನಾಲ್ಕು ಕಡೆ ಇದೆ ಮೇಡಂ.’

‘ನಾಲ್ಕೂ ಒಂದೇ ಮನೆ ಮಕ್ಕಳಾಗಿದ್ದರೆ?’

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಲೇಔಟ್‌ನಿಂದ ಕೂಗು, ‘ನಾಲ್ಕು ಸಾಲು ಓವರ್, ಬೇಗ ಕಟ್ ಮಾಡಿ.’ ಗಡಿಯಾರ ನೋಡಿದೆ. ಎಂಟು ಇಪ್ಪತ್ತೊಂದು. ತಾಯಿಯನ್ನು ತೆಗೆದರೆ ಹೆಡ್ಡಿಂಗ್ ಹೋಗುತ್ತದೆ, ಇಂಟ್ರೋ ಹೋಗುತ್ತದೆ, ನನ್ನ ಆ ಸಾಲು ಹೋಗುತ್ತದೆ. ಡಾಕ್ಟರನ್ನು ತೆಗೆದರೆ ಸರಿಯಾಗಿ ನಾಲ್ಕು ಸಾಲು. ಡಾಕ್ಟರನ್ನು ತೆಗೆದೆ. ‘ಸರಿಹೋಯ್ತು ಮೇಡಂ, ಈಗ ಗೊಂದಲ ಇಲ್ಲ’ ಅಂದೆ. ಅವರು ನನ್ನ ಮುಖ ನೋಡಿ, ಏನೂ ಹೇಳದೆ ಸಹಿ ಹಾಕಿದರು. ಆ ನೋಟದ ಅರ್ಥ ಆಗ ಆಗಲಿಲ್ಲ. ಪೇಜ್ ಟೈಮಿಗೆ ಹೋಯಿತು ಅನ್ನೋ ಖುಷಿಯೇ ಜಾಸ್ತಿ ಇತ್ತು.

ನಮ್ಮ ಸಿಎಂಎಸ್, ಅಂದರೆ ಪತ್ರಿಕೆಗೂ ವೆಬ್‌ಸೈಟಿಗೂ ಬರಹ ಹಾಕುವ ಸಾಫ್ಟ್‌ವೇರ್, ಅದರ ಬಗ್ಗೆ ಹೇಳಲೇಬೇಕು. ಪುಟದಲ್ಲಿ ತಿದ್ದಿದ್ದು ವೆಬ್‌ಗೆ ತಾನಾಗಿ ಹೋಗುವುದಿಲ್ಲ. ಎರಡು ವರ್ಷದಿಂದ ಕೇಳುತ್ತಿದ್ದೇವೆ, ‘ನೆಕ್ಸ್ಟ್ ಅಪ್‌ಡೇಟ್‌ನಲ್ಲಿ’ ಅನ್ನುತ್ತಾರೆ. ಹೀಗಾಗಿ ಪ್ರಿಂಟಿನಲ್ಲಿ ಡಾಕ್ಟರ್ ಇಲ್ಲ, ವೆಬ್‌ನಲ್ಲಿ ಇದ್ದಾರೆ. ಒಬ್ಬ ಓದುಗರು ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆದು ಕಳಿಸಿದರು. ಕೆಳಗೆ ಒಂದೇ ಸಾಲು: ‘ರಾತ್ರಿ ಬೆಳಗಾಗುವುದರೊಳಗೆ ಡಾಕ್ಟರ್ ಎಲ್ಲಿ ಹೋದರು ಸ್ವಾಮಿ?’

ಆಮೇಲೆ ಕೂತು ಓದಿದೆ. ಮೊದಲೇ ಮಾಡಬೇಕಿದ್ದ ಕೆಲಸ. ಡಾಕ್ಟರ್ ಮನೆಗೇ ಬಂದಿದ್ದರು, ನರ್ಸ್‌ಗಳೂ ಇದ್ದರು. ಕೊನೆಗೆ ಲಾಸ್ ಏಂಜಲೀಸ್‌ನ ಆಸ್ಪತ್ರೆಗೂ ಸೇರಿಸಿದ್ದರು, ಆಕೆ ತೀರಿಕೊಂಡದ್ದೂ ಅಲ್ಲೇ. ಸೋತಿದ್ದು ಕಿಡ್ನಿ. ಹದಿಹರೆಯದಲ್ಲಿ ಬಂದ ಸ್ಕಾರ್ಲೆಟ್ ಜ್ವರ ಅದಕ್ಕೆ ಕಾರಣವಿರಬಹುದು ಅನ್ನುತ್ತಾರೆ. ಕಾಯಿಲೆ ಯಾವುದು ಅಂತ ಮೊದಲ ದಿನವೇ ಗೊತ್ತಾಗಿದ್ದರೂ 1937ರಲ್ಲಿ ಮಾಡುವಂಥದ್ದು ಹೆಚ್ಚೇನೂ ಇರಲಿಲ್ಲ. ಕಿಡ್ನಿ ಸೋತವರನ್ನು ಉಳಿಸಬಲ್ಲ ಡಯಾಲಿಸಿಸ್ ಯಂತ್ರ ಬಂದಿದ್ದೇ 1940ರ ದಶಕದಲ್ಲಿ. ಅಂದರೆ ನಾನು ಕತ್ತರಿಸಿದ ಸಾಲೇ ನಿಜ, ಉಳಿಸಿಕೊಂಡದ್ದೇ ಸುಳ್ಳು. ಕೂದಲಿಗೆ ಹಾಕುತ್ತಿದ್ದ ಬ್ಲೀಚೇ ಆಕೆಯನ್ನು ಕೊಂದಿತು ಅನ್ನೋ ಇನ್ನೊಂದು ಕಥೆಯೂ ಇದೆ. ಅದನ್ನು ಬಾಕ್ಸ್ ಐಟಂ ಮಾಡೋಣ ಅಂದುಕೊಂಡಿದ್ದೆ. ಜಾಗ ಸಿಗಲಿಲ್ಲ, ಪುಣ್ಯ.

ವಿಷಯ ಮೇಲಿನವರಿಗೆ ಮುಟ್ಟಿದಾಗ ಬಂದ ಸಲಹೆ, ‘ವೆಬ್‌ನಲ್ಲಿ ಸುಮ್ನೆ ತಿದ್ದಿಬಿಡು, 1937ರ ವಿಷಯಕ್ಕೆ ತಪ್ಪೊಪ್ಪಿಗೆ ಯಾಕೆ?’ ಮೇಡಂ ಒಪ್ಪಲಿಲ್ಲ. ‘ಒಬ್ಬ ತಾಯಿಯನ್ನು ಕೊಲೆಗಾರ್ತಿ ಮಾಡಿದ್ದೇವೆ ಸರ್’ ಅಂದರು. ಮುಂದಿನ ವಾರ ಮೂರು ಸಾಲಿನ ತಿದ್ದುಪಡಿ ಬಂತು, ಪುಟದ ಕೆಳಮೂಲೆಯಲ್ಲಿ. ಹೆಡ್ಡಿಂಗ್ ಮಾತ್ರ ಆರು ಕಾಲಂ ಅಗಲಕ್ಕಿತ್ತು.

ಹೋದ ತಿಂಗಳು ಜಾನ್ ಗಿಲ್ಬರ್ಟ್ ಬಗ್ಗೆ ಬರೆಯಬೇಕಿತ್ತು. ಮೂಕಿ ಚಿತ್ರಗಳ ದೊಡ್ಡ ನಾಯಕ, ಟಾಕಿ ಬಂದ ಮೇಲೆ ಕೀರಲು ದನಿಯಿಂದಾಗಿ ಮುಳುಗಿದ, ಅಂತ ಎಲ್ಲರೂ ಬರೆಯುತ್ತಾರೆ. ನನ್ನ ಬೆರಳೂ ಅದನ್ನೇ ಟೈಪ್ ಮಾಡಿತ್ತು. ‘ಕೀರಲು ದನಿ ಕೈಕೊಟ್ಟಾಗ’ ಅಂತ ಇಂಟ್ರೋ ಕೂಡ ಆಗಿತ್ತು. ಹಿಂದಿನಿಂದ ಮೇಡಂ ಬಗ್ಗಿ ನೋಡಿದರು.

‘ಕೇಳಿದ್ದೀಯಾ ಅವನ ದನಿ?’

ಇಲ್ಲ ಅಂದೆ. ಅಳಿಸಿ, 1933ರ ‘ಕ್ವೀನ್ ಕ್ರಿಸ್ಟಿನಾ’ ಹಾಕಿಕೊಂಡು ಕೂತೆ. ಗ್ರೆಟಾ ಗಾರ್ಬೋ ಎದುರು ಆತ ಮಾತಾಡುತ್ತಾನೆ. ಎರಡು ಸಲ ಕೇಳಿದೆ. ದನಿ ಚೆನ್ನಾಗಿಯೇ ಇದೆ. ಅಂಕಣ ಒಂದು ವಾರ ತಡವಾಯಿತು, ಅದಕ್ಕೂ ಬೈಸಿಕೊಂಡೆ.