ಕೆಳಗಿನ ಸಿಲಿಂಡರ್ ಯಾಕೆ ಮಲಗಿತ್ತು: ಬೋಟ್ ಇಂಜಿನ್ ಕೆಲಸ, ನಾಲ್ಕನೇ ಕಂತು

ನಿನ್ನೆ ಸಂಜೆ ಇಂಜಿನ್ ಇಪ್ಪತ್ತು ನಿಮಿಷ ಐಡಲ್‌ನಲ್ಲಿ, ಅಂದರೆ ಥ್ರಾಟಲ್ (ಆಕ್ಸಿಲರೇಟರ್) ಕೊಡದೆ ನಿಧಾನಗತಿಯಲ್ಲಿ, ಓಡಿತು. ಒಮ್ಮೆಯೂ ನಿಲ್ಲಲಿಲ್ಲ. ಪರೀಕ್ಷೆಗೆ ಇಟ್ಟ ನೀರಿನ ಡ್ರಮ್ಮಿನಲ್ಲಿ ಅಲ್ಲ, ತುಂಗಭದ್ರಾ ಹಿನ್ನೀರಿನಲ್ಲಿ, ಗೇರಿಗೆ ಹಾಕಿ, ಬೋಟಿನಲ್ಲಿ ಇಬ್ಬರು ಕೂತು. ಎರಡು ತಿಂಗಳಿಂದ ಈ ಸದ್ದಿಗಾಗಿ ಕಾದಿದ್ದೆ. ರಾತ್ರಿ ಮುನಿರಾಬಾದಿಗೆ ಬಂದು ಮಲಗಿದ ಮೇಲೂ ಅದೇ ಕಿವಿಯಲ್ಲಿತ್ತು.

ಹಿಂದಿನ ಕಂತು ಓದದವರಿಗೆ ಎರಡೇ ಮಾತು. 8 ಎಚ್‌ಪಿಯ ಹಳೇ ಔಟ್‌ಬೋರ್ಡ್ (ಬೋಟಿನ ಹಿಂಬದಿಗೆ ಹೊರಗಿನಿಂದ ಕಟ್ಟುವ ಇಂಜಿನ್), ಟೂ ಸ್ಟ್ರೋಕ್, ಎರಡು ಸಿಲಿಂಡರ್, ಎರಡಕ್ಕೂ ಸೇರಿ ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ ಒಂದೇ ಕಾರ್ಬೊರೇಟರ್. ತುಕ್ಕು ಬಿಡಿಸಿದ್ದು, ಇಂಪೆಲ್ಲರ್ (ಕೂಲಿಂಗ್ ನೀರು ಎಳೆಯುವ ರೆಕ್ಕೆ ಚಕ್ರ) ಬದಲಿಸಿದ್ದು, ಪ್ಲಗ್, ಪೆಟ್ರೋಲ್ ಪೈಪು ಎಲ್ಲ ಆಗಲೇ ಮುಗಿದಿತ್ತು. ಥ್ರಾಟಲ್ ಪೂರ್ತಿ ತಿರುಗಿಸಿದರೆ ಚೆನ್ನಾಗಿ ಓಡ್ತಿತ್ತು. ಇಳಿಸಿದ ತಕ್ಷಣ ನಡುಕ ಶುರು. ಒಮ್ಮೆ ಏರುತ್ತೆ, ಒಮ್ಮೆ ಕುಸಿಯುತ್ತೆ, ನಡುವೆ ಕಾರ್ಬೊರೇಟರ್ ಬಾಯಿಂದ ಒಂದು ಸೀನು. ಗೇರಿಗೆ ಹಾಕಿದರೆ ಬಂದ್.

ಓಡುತ್ತೆ ಅಂದಮೇಲೆ ಐಡಲ್‌ಗೆ ಯಾಕಿಷ್ಟು ಒದ್ದಾಟ ಅಂತ ಕೆಲವರು ಕೇಳಿದರು. ಇಂಜಿನ್ ನನ್ನದು, ಬೋಟು ಹುಲಗಿಯ ಮೀನುಗಾರ ಅಣ್ಣನದು. ಬಲೆ ಬಿಡೋದೂ ನಿಧಾನದ ಕೆಲಸ, ಎತ್ತೋದೂ ನಿಧಾನದ ಕೆಲಸ. ಬೋಟು ಬಲೆಯ ಪಕ್ಕದಲ್ಲಿ ತೆವಳಬೇಕು. ಅಲ್ಲಿ ಇಂಜಿನ್ ನಿಂತರೆ ಗಾಳಿ ಬೋಟನ್ನು ಬಲೆ ಮೇಲೆ ತಳ್ಳುತ್ತೆ, ಫ್ಯಾನಿಗೆ ಬಲೆ ಸುತ್ತುತ್ತೆ. ಮೊದಲ ಸಲ ನೀರಿಗೆ ಇಳಿಸಿದ ದಿನ ಅಣ್ಣ ಒಂದು ಗಂಟೆಯಲ್ಲಿ ಇಪ್ಪತ್ತು ಸಲವಾದರೂ ಸ್ಟಾರ್ಟರ್ ಹಗ್ಗ ಎಳೆದಿದ್ದ. "ಇಷ್ಟು ಹಗ್ಗ ಎಳಿಯೋದ್ರಾಗ ಹುಟ್ಟು ಹಾಕಿ ಮನಿ ಮುಟ್ತಿದ್ದೆ ತಮ್ಮಾ" ಅಂದ. ನಕ್ಕೇ ಅಂದ, ಆದರೆ ಅವನ ಅಂಗೈ ಕೆಂಪಾಗಿತ್ತು. ಆವತ್ತಿಂದ ನನಗೆ ಐಡಲ್ ಬಿಟ್ಟು ಬೇರೆ ಏನೂ ಕಾಣಿಸಲಿಲ್ಲ.

ಎಲ್ಲರ ಹಾಗೆ ನಾನೂ ಮೊದಲು ಕಾರ್ಬೊರೇಟರ್‌ಗೆ ಕೈ ಹಾಕಿದೆ. ಗಂಗಾವತಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಕಾಕಾ ಒಬ್ಬರಿದ್ದಾರೆ, ನನಗೆ ಇಂಜಿನ್ ಕೆಲಸ ಕಲಿಸಿದವರು. ಸದ್ದು ಕೇಳಿದ ಕೂಡಲೇ, "ಇದಕ್ಕ ನೆಗಡಿ ಆಗೈತಿ ನೋಡು. ಮೊದ್ಲ ಕಾರ್ಬೊರೇಟರ್ ತೊಳಿ" ಅಂದರು. ಒಂದಲ್ಲ, ಮೂರು ಸಲ ತೊಳೆದೆ. ಐಡಲ್‌ಗೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ತೂತನ್ನು ಬಿಸಿಲಿಗೆ ಹಿಡಿದು ನೋಡಿದೆ, ದುಂಡಗೆ ಬೆಳಕು ಬಂತು. ಫ್ಲೋಟ್ ಎತ್ತರ ಸರಿಯಿತ್ತು. ನೀಡಲ್ ಸೀಟು ಹೊಸದು.

ಆಮೇಲೆ ಪೆಟ್ರೋಲಿನ ಮೇಲೆ ಅನುಮಾನ ಬಂತು. ಬಂಕಿನಲ್ಲಿ ಈಗ ಸಿಗೋದು ಇ20, ಅಂದರೆ ನೂರಕ್ಕೆ 20 ಭಾಗ ಎಥನಾಲ್ ಬೆರೆಸಿದ ಪೆಟ್ರೋಲ್. ಅದು ನಿಜವಾ ನೋಡೋಣ ಅಂತ ಪರೀಕ್ಷಿಸಿದೆ. ಅಳತೆ ಕೊಳವೆಗೆ 90 ಮಿಲಿ ಪೆಟ್ರೋಲ್, 10 ಮಿಲಿ ನೀರು ಹಾಕಿ ಕುಲುಕಿ ಇಟ್ಟೆ. ಎಥನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ಕೆಳಗೆ ಸೇರಿಕೊಳ್ಳುತ್ತೆ. ಕೆಳಗಿನ ಪದರ 28ರ ಗೆರೆಗೆ ಬಂದು ನಿಂತಿತು. ಹತ್ತು ಕಳೆದರೆ 18, ಅಂದರೆ 90ರಲ್ಲಿ ಸರಿಯಾಗಿ ಐದನೇ ಒಂದು ಭಾಗ. ಎಥನಾಲಿನ ಒಳಗೇ ಆಮ್ಲಜನಕ ಇರುವುದರಿಂದ ಹಳೇ ಜೆಟ್ಟಿಗೆ ಮಿಶ್ರಣ ಸ್ವಲ್ಪ ತೆಳುವಾಗುತ್ತೆ. ಹಾಗಾಗಿ ಪೈಲಟ್ ಸ್ಕ್ರೂ ಒಂದೂವರೆ ಸುತ್ತಿನಿಂದ ಎರಡೂಕಾಲು ಸುತ್ತಿಗೆ ಬಿಚ್ಚಿದೆ. ನನ್ನ ಕಾರ್ಬೊರೇಟರ್‌ನಲ್ಲಿ ಬಿಚ್ಚಿದಷ್ಟೂ ಪೆಟ್ರೋಲ್ ಜಾಸ್ತಿ. ಸೀನು ಕಡಿಮೆ ಆಯಿತು, ನಡುಕ ಹಾಗೇ ಉಳಿಯಿತು. ಈ ಚೂರು ಸುಧಾರಣೆಯೇ ನನ್ನ ಎರಡು ವಾರ ತಿಂದುಹಾಕಿತು. ದಾರಿ ಇದೇ ಅಂದುಕೊಂಡು ಅದೇ ಸ್ಕ್ರೂವನ್ನು ತಿರುಗಿಸ್ತಾ ಕೂತೆ.

ಡ್ರಮ್ಮಿನ ವಿಷಯ ಇಲ್ಲೇ ಹೇಳಿಬಿಡ್ತೀನಿ. 200 ಲೀಟರ್ ಡ್ರಮ್ಮಿನಲ್ಲಿ ಐಡಲ್ ಸೆಟ್ ಮಾಡಬೇಡಿ. ನೀರು ಕುದಿಯುವ ಹಾಗೆ ನೊರೆಯಾಗುತ್ತೆ, ಹೊಗೆ ಅಲ್ಲೇ ಸುತ್ತಿ ಮತ್ತೆ ಕಾರ್ಬೊರೇಟರ್ ಬಾಯಿಗೇ ಹೋಗುತ್ತೆ. ಒಳ್ಳೇ ಇಂಜಿನ್ ಕೂಡ ಅಲ್ಲಿ ತಡವರಿಸುತ್ತೆ. ಡ್ರಮ್ಮು ಕೂಲಿಂಗ್ ನೀರು ಬರ್ತಿದೆಯಾ ನೋಡೋಕೆ ಸಾಕು. ಅದಕ್ಕಿಂತ ಜಾಸ್ತಿ ಅದನ್ನು ನಂಬಬಾರದು.

ನಿಜವಾದ ಸುಳಿವು ಸಿಕ್ಕಿದ್ದು ಒಂದು ಭಾನುವಾರ ಹಿನ್ನೀರಿನ ದಂಡೆಯಲ್ಲಿ. ಐಡಲ್‌ನಲ್ಲಿ ಓಡ್ತಿರುವಾಗ ಒಂದೊಂದೇ ಪ್ಲಗ್ಗಿನ ಕ್ಯಾಪ್ ತೆಗೆದು ನೋಡಿದೆ. ತೆಗೆದ ವೈರನ್ನು ಬ್ಲಾಕಿಗೆ ಅರ್ತ್ ಮಾಡಿಯೇ, ಇಲ್ಲದಿದ್ದರೆ ಕಿಡಿ ಹುಟ್ಟಿಸುವ ಸಿಡಿಐ ಸುಟ್ಟೀತು. ಮೇಲಿನ ಸಿಲಿಂಡರಿನ ಕ್ಯಾಪ್ ತೆಗೆದೆ, ಇಂಜಿನ್ ತಟ್ಟಂತ ಸತ್ತಿತು. ಮತ್ತೆ ಸ್ಟಾರ್ಟ್ ಮಾಡಿ ಕೆಳಗಿನದು ತೆಗೆದೆ. ಏನೂ ಆಗಲಿಲ್ಲ. ಅದೇ ನಡುಕ, ಅದೇ ಸದ್ದು. ಅಂದರೆ ಇಷ್ಟು ದಿನ ಕೆಳಗಿನ ಸಿಲಿಂಡರ್ ಐಡಲ್‌ನಲ್ಲಿ ಕೆಲಸವನ್ನೇ ಮಾಡಿಲ್ಲ. ಮೇಲಿನದೊಂದೇ ಇಡೀ ಇಂಜಿನ್ನನ್ನು ಎಳೀತಿತ್ತು.

ಬೋಟಿನ ಅಂಚಿನಲ್ಲಿ ಕೂತು ಯೋಚಿಸಿದೆ. ಕಾರ್ಬೊರೇಟರ್ ಒಂದೇ. ಪೈಲಟ್ ಜೆಟ್ ಕಟ್ಟಿದ್ದರೆ ಎರಡೂ ಸಿಲಿಂಡರ್ ಉಪವಾಸ ಬೀಳಬೇಕಿತ್ತು, ಅಲ್ವಾ? ಮೇಲಿನದು ಹೊಟ್ಟೆ ತುಂಬ ಉಂಡು ಕೆಳಗಿನದು ಮಾತ್ರ ಮಲಗಿದೆ ಅಂದರೆ ತಪ್ಪು ಕಾರ್ಬೊರೇಟರ್‌ನಿಂದ ಈಚೆ ಇದೆ. ಪ್ಲಗ್ ಅದಲುಬದಲು ಮಾಡಿದೆ, ಕೆಳಗಿನದು ಎದ್ದೇಳಲಿಲ್ಲ. ಕಿಡಿ ಎರಡರಲ್ಲೂ ನೀಲಿ. ಕಂಪ್ರೆಶನ್ (ಸಿಲಿಂಡರಿನ ಒತ್ತಡ) 105 ಮತ್ತು 103 ಪಿಎಸ್‌ಐ, ಎರಡೂ ಹೆಚ್ಚುಕಡಿಮೆ ಸಮ. ಕಾರ್ಬೊರೇಟರ್ ಕೂರುವ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸುತ್ತ ಸ್ಪ್ರೇ ಹೊಡೆದರೂ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಲ್ಲಾಡಲಿಲ್ಲ, ಅಂದರೆ ಅಲ್ಲಿ ಗಾಳಿ ಸೋರ್ತಿಲ್ಲ. ಇನ್ನು ಉಳಿದದ್ದು ಎರಡು: ಕ್ರ್ಯಾಂಕಿನ ಕೆಳಗಿನ ಆಯಿಲ್ ಸೀಲ್, ಇಲ್ಲಾ ರೀಡ್ ವಾಲ್ವ್ (ಪೆಟ್ರೋಲ್-ಗಾಳಿಯನ್ನು ಒಳಗೆ ಬಿಟ್ಟು ವಾಪಸ್ ಬಿಡದ ತೆಳು ಪತ್ತಿಗಳು). ಸೀಲ್ ಆಗಿದ್ದರೆ ಪವರ್‌ಹೆಡ್, ಅಂದರೆ ಮೇಲಿನ ಇಂಜಿನ್ ಭಾಗವನ್ನೇ, ಪೂರ್ತಿ ಎತ್ತಬೇಕು. ತುಕ್ಕು ಹಿಡಿದ ಆ ಬೋಲ್ಟುಗಳನ್ನು ನೆನೆಸಿಕೊಂಡೇ ಭಯ ಆಯಿತು. ಒಂದು ತುಂಡಾದರೆ ಡ್ರಿಲ್ ಹಾಕಿ ತೆಗೆಯೋದು ಎಂಥ ಕೆಲಸ ಅಂತ ನಿಮಗೂ ಗೊತ್ತು.

ರೀಡ್ ಪರೀಕ್ಷೆ ಸುಲಭ. ಬಿಳಿ ಕಾಗದವನ್ನು ಕಾರ್ಬೊರೇಟರ್ ಬಾಯಿಂದ ಎರಡು ಬೆರಳು ದೂರ ಹಿಡಿದೆ. ಅರ್ಧ ನಿಮಿಷದಲ್ಲಿ ಕಾಗದದ ತುಂಬ ಎಣ್ಣೆ ಚುಕ್ಕೆ. ಒಳಗೆ ಹೋಗಬೇಕಾದ, ಎಣ್ಣೆ ಬೆರೆತ ಪೆಟ್ರೋಲ್ ಹೊರಗೆ ಉಗುಳಿ ಬರ್ತಿದೆ. ಪಿಸ್ಟನ್ ಕೆಳಗೆ ಬರುವಾಗ ರೀಡ್ ಪತ್ತಿ ಬಾಯಿ ಮುಚ್ಚಬೇಕು. ಮುಚ್ಚದಿದ್ದರೆ ಪಿಸ್ಟನ್ನಿನ ಆಚೆ ಬದಿಯ ಕೋಣೆಯಾದ ಕ್ರ್ಯಾಂಕ್‌ಕೇಸಿನ ಒತ್ತಡ ಸಿಲಿಂಡರಿಗೆ ಏರುವ ಬದಲು ವಾಪಸ್ ಕಾರ್ಬೊರೇಟರ್ ಕಡೆ ನುಗ್ಗುತ್ತೆ. ಪೂರ್ತಿ ಥ್ರಾಟಲ್‌ನಲ್ಲಿ ಯಾಕೆ ತಿಳಿಯಲಿಲ್ಲ ಅನ್ನೋದೂ ಆಗ ಹೊಳೆಯಿತು. 4500 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ 13 ಮಿಲಿಸೆಕೆಂಡ್. ಸಂದಿಯಲ್ಲಿ ಸೋರೋಕೆ ಪುರುಸೊತ್ತೇ ಇಲ್ಲ. 900ರಲ್ಲಿ ಒಂದು ಸುತ್ತಿಗೆ 67 ಮಿಲಿಸೆಕೆಂಡ್. ಸೋರೋಕೆ ಬೇಕಾದಷ್ಟು ಹೊತ್ತು.

ಆ ರಾತ್ರಿಯೇ ರೀಡ್ ಬ್ಲಾಕ್ ಬಿಚ್ಚಿದೆ. ಬಲ್ಬಿನ ಕಡೆ ತಿರುಗಿಸಿ ನೋಡಿದರೆ ಮೇಲಿನ ಪತ್ತಿಗಳ ಸುತ್ತ ಕತ್ತಲು. ಕೆಳಗಿನ ಒಂದು ಪತ್ತಿಯ ಅಂಚಿನಲ್ಲಿ ಬೆಳಕಿನ ಒಂದು ಎಳೆ. ಕಾರಣ ಕೂಡ ಅಲ್ಲೇ ಕೂತಿತ್ತು. ಎಳ್ಳಿನ ಕಾಳಿನಷ್ಟು ಗ್ಯಾಸ್ಕೆಟ್ ಪೇಸ್ಟ್, ಒಣಗಿ ಕಲ್ಲಾಗಿ ಪತ್ತಿಯ ಕೆಳಗೆ ಸಿಕ್ಕಿಕೊಂಡಿತ್ತು. ಹಿಂದೆ ಯಾರೋ ಮ್ಯಾನಿಫೋಲ್ಡ್‌ಗೆ ಪೇಸ್ಟ್ ಬಳಿದು ಬಿಗಿದಿದ್ದಾರೆ, ಹಿಂಡಿ ಒಳಗೆ ಬಂದದ್ದು ಹರಿದು ಅಲ್ಲಿಗೆ ಹೋಗಿದೆ. ಉಗುರಿನಿಂದ ತೆಗೆದೆ. ಖುಷಿಗೆ ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ.

ಆದರೆ ಕೆಲಸ ಮುಗಿಯಲಿಲ್ಲ. ವರ್ಷಗಟ್ಟಲೆ ಬಾಗಿ ನಿಂತ ಪತ್ತಿ ಬಾಗಿದ ಹಾಗೇ ಇತ್ತು. ಸಂದಿ ಅಳೆಯುವ ಫೀಲರ್ ಗೇಜಿನ 0.3 ಮಿಲಿಮೀಟರ್ ಎಲೆ ಸಲೀಸಾಗಿ ಒಳಗೆ ಹೋಯಿತು. ಕೈಪಿಡಿಯಲ್ಲಿ ಮಿತಿ 0.2. ಬ್ಲಾಕನ್ನು ಬಟ್ಟಲಿನ ಮೇಲಿಟ್ಟು ಪೆಟ್ರೋಲ್ ಹನಿಸಿದರೆ ಕೆಳಗೆ ತೊಟ್ಟಿಕ್ಕಿತು. ಕಾಕಾ, "ಮಗ್ಗಲು ಬದಲಿಸಿ ಹಾಕು, ತಾನ ಸರಿ ಆಗ್ತೈತಿ" ಅಂದರು. ಅವರ ಮಾತು ತೆಗೆದುಹಾಕಿದ್ದು ಇದೊಂದೇ ಸಲ. ಒಂದು ಕಡೆ ದಣಿದ ಪತ್ತಿಯನ್ನು ತಿರುವಿ ಬಗ್ಗಿಸಿದರೆ ಬಿರುಕು ಬಿಡಬಹುದು. ತುಂಡು ಕ್ರ್ಯಾಂಕ್‌ಕೇಸಿಗೆ ಬಿದ್ದರೆ ಬೇರಿಂಗು, ಪಿಸ್ಟನ್ ಎಲ್ಲ ಹೋಗುತ್ತೆ. ಹೊಸದೇ ತರಿಸೋಣ ಅಂತ ತೀರ್ಮಾನ ಮಾಡಿದೆ.

ಇಲ್ಲಿಂದ ಅಂಗಡಿಯವರ ಕಥೆ. ಕೊಪ್ಪಳ, ಗಂಗಾವತಿಯಲ್ಲಿ ಟ್ರ್ಯಾಕ್ಟರ್, ಪಂಪ್‌ಸೆಟ್, ಅಕ್ಕಿ ಗಿರಣಿಯ ಸಾಮಾನು ಎಷ್ಟು ಬೇಕಾದರೂ ಸಿಗುತ್ತೆ. ಔಟ್‌ಬೋರ್ಡ್ ಅಂದರೆ ಮುಖ ನೋಡ್ತಾರೆ. ದೊಡ್ಡ ಊರಿನ ಒಂದು ಅಂಗಡಿಗೆ ಹಣ ಕಳಿಸಿದೆ. ಮಾಡೆಲ್ ನಂಬರ್, ಹಳೇ ಪತ್ತಿಯ ಫೋಟೋ, ಸ್ಕೇಲ್ ಇಟ್ಟ ಅಳತೆ ಎಲ್ಲ ಕಳಿಸಿದ್ದೆ. ಮೂರು ವಾರ ಬಿಟ್ಟು ಬಂದದ್ದು ಸಿಂಗಲ್ ಸಿಲಿಂಡರಿನ ಗ್ಯಾಸ್ಕೆಟ್ ಸೆಟ್. ಅದರಲ್ಲಿ ಪತ್ತಿಯೇ ಇಲ್ಲ. ಫೋನ್ ಮಾಡಿದರೆ "ಅದೇ ಸರ್, ಹೊಂದುತ್ತೆ ಹಾಕಿ" ಅಂದರು. ಬೋಲ್ಟಿನ ತೂತುಗಳೇ ಕೂಡದ ಗ್ಯಾಸ್ಕೆಟ್ ಹೇಗೆ ಹೊಂದುತ್ತೆ? ಹಣ ಇನ್ನೂ ವಾಪಸ್ ಬಂದಿಲ್ಲ. ಒಂದು ಫೋಟೋ ನೋಡೋಕೆ ಒಂದು ನಿಮಿಷ ಸಾಕಿತ್ತು. ನನಗೆ ಹೋದದ್ದು ಮೂರು ವಾರ, ಅಣ್ಣನಿಗೆ ಹೋದದ್ದು ಮೂರು ವಾರದ ಮೀನು.

ಆ ಮೂರು ವಾರ ಸುಮ್ನೆ ಕೂರಲಿಲ್ಲ. ಮುಂದಿನ ಕೆಲಸದ ಚಿತ್ರ ಬರೆದೆ: ತೆಪ್ಪಕ್ಕೆ ಮೋಟಾರು. ಆನೆಗೊಂದಿ, ಸಾಣಾಪುರದ ಕಡೆ ಹೋದವರು ನೋಡಿರ್ತೀರಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕೂಡ ಬುಟ್ಟಿಯ ಹಾಗೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟೋದನ್ನು ಬರೆದಿದ್ದಾನೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಆಕಾರ ಅದೇ. ದುಂಡಗಿನ ತಳಕ್ಕೆ ದಿಕ್ಕು ಅನ್ನೋದಿಲ್ಲ. ಹಿಂದೆ ಒಂದು ಮೋಟಾರು ಕಟ್ಟಿದರೆ ತೆಪ್ಪ ಬುಗುರಿಯ ಹಾಗೆ ತಿರುಗುತ್ತೆ. ನಮ್ಮ ಅಂಬಿಗರು ಹುಟ್ಟನ್ನು ಮುಂದೆ ಹಾಕಿ ನೀರನ್ನು ತಮ್ಮ ಕಡೆ ಎಳೆಯೋದು ಇದಕ್ಕೇ. ಹಾಗಾಗಿ ಎರಡು ಸಣ್ಣ ಬ್ಯಾಟರಿ ಮೋಟಾರು, ಎಡಕ್ಕೊಂದು ಬಲಕ್ಕೊಂದು, ಎರಡೂ ಮಧ್ಯಕ್ಕಿಂತ ಸ್ವಲ್ಪ ಮುಂದೆ. ಬಿದಿರಿನ ಹೆಣಿಗೆಗೆ ತೂತು ಹಾಕಬಾರದು, ಅಂಚಿನ ಬಳೆಗೇ ಕೊಕ್ಕೆ ಹಾಕಿ ತೂಗಬೇಕು. ಕೊಕ್ಕೆಯ ಅಳತೆ ಆಗಲೇ ತೆಗೆದಿದ್ದೀನಿ. ಇದರ ಬಗ್ಗೆ ಬರೆಯಲು ಇನ್ನೂ ತುಂಬಾ ಇದೆ. ಈಗ ಬೇಡ.

ಕೊನೆಗೆ ಪತ್ತಿ ಬಂದದ್ದು ಮಲ್ಪೆಯ ಒಬ್ಬ ವ್ಯಾಪಾರಿಯಿಂದ. ಫೋಟೋ ನೋಡಿದ ತಕ್ಷಣ, "ಕೆಳಗಿನದು ಸೋರ್ತಿದೆಯಾ?" ಅಂತ ಕೇಳಿದರು. ಆ ಒಂದೇ ಪ್ರಶ್ನೆಗೆ ನನ್ನ ಮನಸ್ಸು ಹಗುರಾಯಿತು. ನಾಲ್ಕನೇ ದಿನ ಪಾರ್ಸೆಲ್ ಬಂತು. ಪತ್ತಿ ಬಾಗದಿರಲಿ ಅಂತ ಲಗ್ನಪತ್ರಿಕೆಯ ಎರಡು ರಟ್ಟಿನ ನಡುವೆ ಇಟ್ಟು ದಾರ ಸುತ್ತಿದ್ದರು. ಆ ರಟ್ಟನ್ನೂ ಎತ್ತಿಟ್ಟುಕೊಂಡಿದ್ದೀನಿ.

ಗ್ಯಾಸ್ಕೆಟ್ ನಾನೇ ಮಾಡಿದೆ. ಗಂಗಾವತಿಯಿಂದ 0.5 ಮಿಲಿಮೀಟರ್ ಶೀಟ್ ತಂದು, ಮ್ಯಾನಿಫೋಲ್ಡ್ ಮೇಲೆ ಹಾಸಿ, ಬೋಲ್ಟಿನ ತೂತಿನ ಮೇಲೆ ಹಳೇ ಬೇರಿಂಗಿನ ಗುಂಡು ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು. ತೂತು ಅಚ್ಚುಕಟ್ಟಾಗಿ ಬೀಳುತ್ತೆ. ಪೇಸ್ಟ್ ಮುಟ್ಟಲೇ ಇಲ್ಲ. ರೀಡಿನ ಸ್ಕ್ರೂಗಳಿಗೆ ಮಾತ್ರ ಒಂದೊಂದು ಹನಿ ಥ್ರೆಡ್ ಲಾಕರ್ ಅಂಟು. ಅವು ಸಡಿಲಾದರೆ ಬೀಳೋದು ಸೀದಾ ಕ್ರ್ಯಾಂಕಿಗೆ.

ಎಲ್ಲ ಕೂಡಿಸಿ ನಿನ್ನೆ ಹಿನ್ನೀರಿಗೆ ಇಳಿಸಿದೆವು. ಎರಡನೇ ಎಳೆತಕ್ಕೆ ಸ್ಟಾರ್ಟ್ ಆಯಿತು. ಆದರೆ ಗೊಗ್ಗರು ದನಿ, ಹೊಗೆ ಜಾಸ್ತಿ. ಒಂದು ಕ್ಷಣ ಎದೆ ಕುಸಿಯಿತು. ಆಮೇಲೆ ನೆನಪಾಯಿತು, ಪೈಲಟ್ ಸ್ಕ್ರೂ ಇನ್ನೂ ಎರಡೂಕಾಲು ಸುತ್ತಿನಲ್ಲೇ ಇದೆ. ಸೋರಿಕೆಯನ್ನು ಮುಚ್ಚಿಡೋಕೆ ಸುರಿದ ಪೆಟ್ರೋಲ್ ಈಗ ಹೆಚ್ಚಾಗಿದೆ. ನಿಧಾನವಾಗಿ ಮುಚ್ಚುತ್ತಾ ಬಂದೆ. ಒಂದೂಮುಕ್ಕಾಲಿಗೆ ಬಂದಾಗ ದನಿ ಬದಲಾಯಿತು. ಎರಡು ಸಿಲಿಂಡರಿನ ಸದ್ದು ಒಂದರ ಹಿಂದೆ ಒಂದು, ರೊಟ್ಟಿ ತಟ್ಟುವ ಹಾಗೆ ಸಮನಾಗಿ. ಇ20ಗೆ ಆ ಕಾಲು ಸುತ್ತು ಜಾಸ್ತಿ ಇರಲಿ ಅಂತ ಅಲ್ಲೇ ಬಿಟ್ಟೆ. ನ್ಯೂಟ್ರಲ್‌ನಲ್ಲಿ 900, ಗೇರಿಗೆ ಹಾಕಿದರೆ 750. ಮತ್ತೆ ಕ್ಯಾಪ್ ತೆಗೆದು ನೋಡಿದೆ. ಮೇಲಿನದು ತೆಗೆದರೂ ಕುಸಿಯುತ್ತೆ, ಕೆಳಗಿನದು ತೆಗೆದರೂ ಅಷ್ಟೇ ಕುಸಿಯುತ್ತೆ. ಬಿಳಿ ಕಾಗದ ಹಿಡಿದೆ. ಒಣಗಿದ್ದು ಒಣಗಿದ ಹಾಗೇ ಇತ್ತು.

ಅಣ್ಣ ಬಲೆಯ ಉದ್ದಕ್ಕೂ ಬೋಟು ತೆವಳಿಸಿದ. ಹಗ್ಗಕ್ಕೆ ಕೈ ಹೋಗಲಿಲ್ಲ. ಅರ್ಧ ದಾರಿಯಲ್ಲಿ ಇಂಜಿನ್ ಕಡೆ ತಿರುಗಿ, "ಬಂದ್ ಆತೇನ?" ಅಂದ. ಅಷ್ಟು ಮೆತ್ತಗೆ ಓಡ್ತಿತ್ತು.

ಬಾಕಿ ಇರೋದು ಕೂಲಿಂಗ್ ನೀರು. ಸಂಜೆ ಹೊತ್ತಿಗೆ ಧಾರೆ ಸಣ್ಣಗಾಗಿತ್ತು. ನಮ್ಮ ಹಿನ್ನೀರಿನ ಹೂಳು ನಿಮಗೆ ಗೊತ್ತಲ್ಲ, 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯದಲ್ಲಿ ಈಗ ಉಳಿದಿರೋದು 105 ಚಿಲ್ಲರೆ. ಆ ಹೂಳೇ ಇಂಪೆಲ್ಲರ್ ತಿಂತಿದೆ. ನೀರು ಎಳೆಯುವ ಬಾಯಿಗೆ ಸ್ಟೀಲ್ ಜಾಳಿಗೆ ಕಟ್ಟಿ ನೋಡ್ತೀನಿ. ಎಷ್ಟು ಕಣ್ಣಿನ ಜಾಳಿಗೆ ಹಾಕಿದರೆ ಹೂಳು ನಿಂತು ನೀರು ನಿಲ್ಲಲ್ಲ ಅಂತ ಅನುಭವ ಇದ್ದವರು ಹೇಳಿ. ಭಾನುವಾರದೊಳಗೆ ಬೇಕು, ಅಣ್ಣ ಆವತ್ತು ಬಲೆ ಬಿಡ್ತಾನೆ.