ಕಿಡ್ನಿ ಕಲ್ಲಿನ ಆಪರೇಷನ್ ಲೇಸರ್‌ನಲ್ಲಿ ಮಾಡಿಸಿದ್ರೆ ಕಿಡ್ನಿಗೆ ಏನೂ ಆಗಲ್ಲ ಅಲ್ವಾ ಸಿಸ್ಟರ್?

ನಾನು ಯುರಾಲಜಿ (ಮೂತ್ರಾಂಗಗಳ) ಓ.ಟಿ.ಯಲ್ಲಿ ಸ್ಕ್ರಬ್ ನರ್ಸ್, ಅಂದರೆ ಆಪರೇಷನ್ ವೇಳೆ ಡಾಕ್ಟರ ಕೈಗೆ ಉಪಕರಣ ಕೊಡುವವಳು. ಹಾಗಾಗಿ ಈ ಪ್ರಶ್ನೆ ನನ್ನನ್ನು ಬಿಡುವುದೇ ಇಲ್ಲ. ವಿಜಯನಗರದ ತರಕಾರಿ ಅಂಗಡಿ ಮುಂದೆ, ಮದುವೆ ಊಟದ ಪಂಕ್ತಿಯಲ್ಲಿ, ಮೆಟ್ರೋದಲ್ಲಿ ಕೂಡ. "ಬೆನ್ನಿಗೆ ತೂತು ಹಾಕಿದ್ರೆ ಕಿಡ್ನಿ ಹಾಳಾಗುತ್ತಂತೆ. ಲೇಸರ್ ಆದ್ರೆ ಸೇಫ್ ಅಲ್ವಾ?"

ಲೇಸರ್ ಕಲ್ಲು ಪುಡಿ ಮಾಡುವ ಸಾಧನ ಅಷ್ಟೇ. ಒಳಗೆ ಹೋಗುವ ದಾರಿ ಬೇರೆ ವಿಷಯ. ಬೆನ್ನಿನಿಂದ ಹೋಗುವುದು ಪಿ.ಸಿ.ಎನ್.ಎಲ್. ಮೂತ್ರದ ದಾರಿಯಲ್ಲೇ ಬಳುಕುವ ಸ್ಕೋಪ್ (ಕ್ಯಾಮೆರಾ ಇರುವ ಸಣ್ಣ ನಳಿಕೆ) ಕಳಿಸುವುದು ಆರ್.ಐ.ಆರ್.ಎಸ್. ಎರಡರಲ್ಲೂ ಲೇಸರ್ ಬಳಸಬಹುದು.

ಮೊದಲು ತೂತಿನ ಭಯ ಮುಗಿಸಿಬಿಡೋಣ. ನಮ್ಮ ಟ್ರಾಲಿಯ ಮೇಲಿನ ಕೊಳವೆಗಳ ದಪ್ಪಕ್ಕೆಲ್ಲ ಫ್ರೆಂಚ್ ಅನ್ನೋ ಅಳತೆ. ಮೂರರಿಂದ ಭಾಗಿಸಿದರೆ ಮಿಲಿಮೀಟರ್ ಸಿಗುತ್ತದೆ. ಮಾಮೂಲಿ ಪಿ.ಸಿ.ಎನ್.ಎಲ್. ಕೊಳವೆ 24ರಿಂದ 30 ಫ್ರೆಂಚ್, ಅಂದರೆ 8ರಿಂದ 10 ಮಿ.ಮೀ. ಮಿನಿ ಪಿ.ಸಿ.ಎನ್.ಎಲ್.ನದು 20ಕ್ಕಿಂತ ಕಡಿಮೆ. ಸಣ್ಣದರಲ್ಲಿ ರಕ್ತ ಹೋಗುವುದು ಕಡಿಮೆ, ಅದು ನಿಜ. ಆದರೆ 2001ರಲ್ಲಿ ಹಂದಿಗಳ ಮೇಲೆ ನಡೆದ ಒಂದು ಅಧ್ಯಯನದಲ್ಲಿ 30 ಫ್ರೆಂಚ್ ದಾರಿಯನ್ನೂ 11 ಫ್ರೆಂಚ್ ದಾರಿಯನ್ನೂ ಹೋಲಿಸಿ ನೋಡಿದರು. ಎರಡರಲ್ಲೂ ಕಿಡ್ನಿಯಲ್ಲಿ ಉಳಿದ ಗಾಯದ ಕಲೆ ತೀರಾ ಚಿಕ್ಕದು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ನಾನು ಹೆದರುವುದು ನೀರಿಗೆ.

ಆಪರೇಷನ್ ಉದ್ದಕ್ಕೂ ಸಲೈನ್ ಒಳಗೆ ಓಡುತ್ತಲೇ ಇರುತ್ತದೆ. ಇಲ್ಲದಿದ್ದರೆ ಡಾಕ್ಟರಿಗೆ ಪರದೆಯ ಮೇಲೆ ಕಲ್ಲೇ ಕಾಣುವುದಿಲ್ಲ. ಒಳಗೆ ಹೋದಷ್ಟೂ ಹೊರಗೆ ಬರಬೇಕು. ಸಿಂಕ್‌ನ ತೂತು ಕಟ್ಟಿಕೊಂಡಿದೆ, ನಲ್ಲಿ ಮಾತ್ರ ಓಡ್ತಿದೆ ಅಂದ್ರೆ ಏನಾಗುತ್ತೆ? ಕಿಡ್ನಿಯೊಳಗಿನ ಒತ್ತಡ ಸುಮಾರು 30–40 ಮಿ.ಮೀ. ಪಾದರಸ ದಾಟಿದರೆ ನೀರು ಹಿಂದಕ್ಕೆ, ರಕ್ತನಾಳಕ್ಕೆ ನುಗ್ಗತೊಡಗುತ್ತದೆ. ಕಲ್ಲಿನಲ್ಲಿ ಅಡಗಿದ್ದ ಬ್ಯಾಕ್ಟೀರಿಯಾ ಕೂಡ ಅದರ ಜೊತೆಗೇ ಹೋಗುತ್ತವೆ. ಚಳಿಜ್ವರ ಬರಬಹುದು, ಬಿ.ಪಿ. ಇಳಿಯಬಹುದು, ಮರುದಿನದ ರಿಪೋರ್ಟ್‌ನಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋತರೆ ರಕ್ತದಲ್ಲಿ ಏರುವ ಅಂಶ) ಏರಿರಬಹುದು. ಕೊಳವೆ ಸಣ್ಣದಾದಷ್ಟೂ ನೀರು ಹೊರಬರುವ ಜಾಗ ಕಡಿಮೆ, ಕಲ್ಲನ್ನು ಹೊರತೆಗೆಯಲು ಸಮಯವೂ ಜಾಸ್ತಿ. 'ಸಣ್ಣ ತೂತು, ಸಣ್ಣ ಅಪಾಯ' ಅನ್ನೋ ಲೆಕ್ಕ ಇಲ್ಲೇ ಕೈಕೊಡುತ್ತದೆ.

ಆರ್.ಐ.ಆರ್.ಎಸ್.ನಲ್ಲಿ ಇದಕ್ಕೆಂದೇ ಅಕ್ಸೆಸ್ ಶೀತ್ ಅನ್ನೋ ಕೊಳವೆ ಇದೆ. ಸ್ಕೋಪ್ ಅದರೊಳಗೆ ಹೋಗುತ್ತದೆ, ಸ್ಕೋಪ್‌ನ ಸುತ್ತ ಉಳಿದ ಸಂದಿಯಲ್ಲಿ ನೀರು ವಾಪಸ್ ಬರುತ್ತದೆ. ಪ್ಯಾಕೆಟ್ ಮೇಲೆ 12/14 ಅಂತ ಇದ್ದರೆ ಒಳಗಿನ ಅಳತೆ 12 ಫ್ರೆಂಚ್, ಹೊರಗಿನದು 14. ದೊಡ್ಡದಾದರೆ ಒತ್ತಡ ಕಡಿಮೆ, ಸರಿ. ಆದರೆ ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ಮೂತ್ರನಾಳ ಅದನ್ನು ತಡೆದುಕೊಳ್ಳಬೇಕಲ್ಲ! 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದೇ 12/14 ಹಾಕಿದ 359 ಜನರನ್ನು ನೋಡಿದರು. ನೂರಕ್ಕೆ 46.5 ಜನರಿಗೆ ನಾಳದ ಗೋಡೆಗೆ ಒಂದಲ್ಲ ಒಂದು ಗಾಯ ಆಗಿತ್ತು. ಹೆಚ್ಚಿನವು ಮೇಲ್ಮೇಲಿನವು. ಸ್ನಾಯುವಿನ ತನಕ ಹೋದದ್ದು ನೂರಕ್ಕೆ 13.3 ಜನರಲ್ಲಿ. ಆಳವಾದ ಗಾಯ ಮಾಯುವಾಗ ನಾಳ ಕಿರಿದಾದರೆ ಮೂತ್ರ ಕಟ್ಟಿ ಕಿಡ್ನಿ ಊದಿಕೊಳ್ಳುತ್ತದೆ.

ಮೊದಲೇ ಡಿ.ಜೆ. ಸ್ಟೆಂಟ್ (ನಾಳದೊಳಗೆ ಕೆಲವು ದಿನ ಇಡುವ ಮೆತ್ತನೆಯ ಸಣ್ಣ ಕೊಳವೆ) ಹಾಕಿಸಿಕೊಂಡಿದ್ದವರಲ್ಲಿ ಆಳವಾದ ಗಾಯದ ಅಪಾಯ ಏಳು ಪಟ್ಟು ಕಡಿಮೆ ಇತ್ತು ಅನ್ನೋದೂ ಅದೇ ಅಧ್ಯಯನದಲ್ಲಿದೆ. ನಮ್ಮ ಪಕ್ಕದ ಮನೆ ಆಂಟಿ ಮಾತ್ರ ಇವತ್ತಿಗೂ ಸಿಟ್ಟಿನಲ್ಲಿದ್ದಾರೆ. "ಒಳಗೆ ಹೋಗಿ, ಸ್ಟೆಂಟ್ ಇಟ್ಟು, ಎರಡು ವಾರ ಬಿಟ್ಟು ಬನ್ನಿ ಅಂದ್ರು ಕಣಮ್ಮ. ಸುಮ್ನೆ ಎರಡು ಬಿಲ್!" ಖರ್ಚು ಖರ್ಚೇ, ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಬಿಗಿಯಾದ ನಾಳಕ್ಕೆ ಬಲವಂತವಾಗಿ ಶೀತ್ ತಳ್ಳದೆ ವಾಪಸ್ ಬಂದ ಡಾಕ್ಟರ್ ಬಗ್ಗೆ ನನಗೆ ಗೌರವ ಜಾಸ್ತಿ. ಸ್ಟೆಂಟ್ ಇದ್ದಷ್ಟು ದಿನದಲ್ಲಿ ನಾಳ ತಾನೇ ಸಡಿಲವಾಗುತ್ತದೆ.

ಇನ್ನು ಲೇಸರ್. ಹೋಲ್ಮಿಯಂ ಇರಲಿ, ಹೊಸ ಥೂಲಿಯಂ ಫೈಬರ್ ಇರಲಿ, ಎರಡೂ ನೀರನ್ನು ಬಿಸಿ ಮಾಡುತ್ತವೆ. ಪವರ್ ಜಾಸ್ತಿ ಇಟ್ಟು ನೀರಿನ ಓಟ ಕಮ್ಮಿ ಮಾಡಿದರೆ ಅಂಗಾಂಶವೇ ಬೇಯುವಷ್ಟು ಬಿಸಿ ಏರಬಹುದು. ನೀರು ಜಾಸ್ತಿ ಬಿಟ್ಟರೆ ಒತ್ತಡ! ಈಗ ಹೀರುವ ಶೀತ್‌ಗಳು ಬಂದಿವೆ. ನೀರು, ಪುಡಿ ಎರಡನ್ನೂ ಎಳೆದುಕೊಳ್ಳುತ್ತವೆ. ನನಗೆ ಇವು ಇಷ್ಟ. ಬೆಲೆ ಕೇಳಿದರೆ ಮಾತ್ರ ಎದೆ ಧಸಕ್ ಅನ್ನುತ್ತದೆ.

ಹಾಗಾಗಿ ಡಾಕ್ಟರ ಹತ್ತಿರ "ಲೇಸರ್ ಇದೆಯಾ?" ಅಂತ ಕೇಳುವ ಬದಲು ಬೇರೆ ಕೇಳಿ. ಯೂರಿನ್ ಕಲ್ಚರ್ (ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ನೋಡುವ ಪರೀಕ್ಷೆ) ಕ್ಲಿಯರ್ ಇದೆಯಾ? ನನ್ನ ಕಲ್ಲು 2 ಸೆಂಟಿಮೀಟರ್‌ಗಿಂತ ದೊಡ್ಡದಾ? ಹಾಗಿದ್ದರೆ ಸಾಮಾನ್ಯವಾಗಿ ಬೆನ್ನಿನ ದಾರಿಯೇ ಮೊದಲ ಆಯ್ಕೆ. ಒಂದೇ ಸಲಕ್ಕೆ ಮುಗಿಯದಿದ್ದರೆ ನಿಲ್ಲಿಸುತ್ತೀರಾ? ಶುಗರ್, ಬಿ.ಪಿ. ಇದ್ದರೆ, ಒಂದೇ ಕಿಡ್ನಿ ಇದ್ದರೆ, ಅದನ್ನು ಮೊದಲೇ ಹೇಳಿಬಿಡಿ. ನೋವಿಗೆ ಅಂತ ಮೆಡಿಕಲ್ ಶಾಪ್‌ನಿಂದ ಡೈಕ್ಲೋಫೆನಾಕ್ ತಂದು ನುಂಗುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ಕ್ರಿಯಾಟಿನಿನ್ ಏರಿಸುವುದರಲ್ಲಿ ಅದೂ ಕಮ್ಮಿಯೇನಿಲ್ಲ.