ಬಾಗಿಲು ಹಾಕಿ ಆಡಿಸಿದ ಪಂದ್ಯ

ನಾರ್ತ್ ಕೆರೊಲಿನಾದ ಡರ್ಹಮ್ ಸುತ್ತಮುತ್ತ ನೆಲೆಸಿರುವ ನಮ್ಮಂಥ ಕನ್ನಡಿಗರ ಕಿವಿಗೆ ಬ್ಯಾಸ್ಕೆಟ್‌ಬಾಲ್ ಎಂದೊಡನೆ ಬೀಳುವುದು ಡ್ಯೂಕ್ ವಿಶ್ವವಿದ್ಯಾಲಯದ ಹೆಸರು. ಕ್ರಿಕೆಟ್ಟೊಂದನ್ನೇ ಆಟವೆಂದು ತಿಳಿದು ಇಲ್ಲಿಗೆ ಬಂದ ನಾನೂ ಅಷ್ಟಕ್ಕೇ ತೃಪ್ತನಾಗಿದ್ದೆ. ಅದೇ ಊರಿನಲ್ಲಿ, ಕಪ್ಪು ಜನಾಂಗದ ವಿದ್ಯಾರ್ಥಿಗಳಿಗಾಗಿ ಆರಂಭವಾದ ನಾರ್ತ್ ಕೆರೊಲಿನಾ ಸೆಂಟ್ರಲ್ ವಿಶ್ವವಿದ್ಯಾಲಯದ ಒಳಾಂಗಣವು ಜಾನ್ ಮೆಕ್ಲೆಂಡನ್ ಎಂಬ ಕೋಚ್ ಒಬ್ಬರ ಹೆಸರನ್ನೂ ಹೊತ್ತಿರುವುದನ್ನು ಕಂಡು, ಅವರು ಯಾರೆಂದು ತಿಳಿಯಲು ಹೊರಟೆ.

1915ರಲ್ಲಿ ಹುಟ್ಟಿದ ಮೆಕ್ಲೆಂಡನ್ ಅವರಿಗೆ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಗುರುವಾಗಿ ದೊರೆತವರು ಈ ಆಟವನ್ನೇ ಹುಟ್ಟುಹಾಕಿದ ಜೇಮ್ಸ್ ನೈಸ್ಮಿತ್. ಆದರೆ ಆಟದ ಜನಕನಿಂದಲೇ ಪಾಠ ಕೇಳಿದ ಈ ಶಿಷ್ಯನಿಗೆ ಅಲ್ಲಿನ ತಂಡದಲ್ಲಿ ಆಡುವ ಅವಕಾಶವಿರಲಿಲ್ಲ. ಅದು ಬಿಳಿಯರ ತಂಡವಾಗಿತ್ತು. ಪದವಿ ಪಡೆದು ಡರ್ಹಮ್‌ಗೆ ಬಂದ ಅವರು 1940ರಲ್ಲಿ ಇಂದಿನ ನಾರ್ತ್ ಕೆರೊಲಿನಾ ಸೆಂಟ್ರಲ್ ಆಗಿರುವ ಅಲ್ಲಿನ ಪುಟ್ಟ ಕಾಲೇಜಿನ ಮುಖ್ಯ ಕೋಚ್ ಆದರು. ಚೆಂಡನ್ನು ನಿಧಾನವಾಗಿ ಕೈಯಿಂದ ಕೈಗೆ ದಾಟಿಸುವುದೇ ಆಟವೆನಿಸಿದ್ದ ಕಾಲದಲ್ಲಿ, ಚೆಂಡು ಸಿಕ್ಕ ಮರುಗಳಿಗೆಯೇ ಎದುರಾಳಿ ಬುಟ್ಟಿಯತ್ತ ನುಗ್ಗುವ 'ಫಾಸ್ಟ್ ಬ್ರೇಕ್' ವಿಧಾನವನ್ನೂ, ಅಂಕಣದ ಉದ್ದಕ್ಕೂ ಎದುರಾಳಿಯನ್ನು ಬೆನ್ನುಬಿಡದೆ ಕಾಡುವ ರಕ್ಷಣೆಯನ್ನೂ ಅವರು ಹುಡುಗರಿಗೆ ಕಲಿಸಿದರು. ಇಂದು ಟಿವಿಯಲ್ಲಿ ನಾವು ಕಾಣುವ ಬಿರುಸಿನ ಆಟದಲ್ಲಿ ಅವರ ಪಾಲು ದೊಡ್ಡದು.

ಆ ಪಾಠಕ್ಕೆ ಪರೀಕ್ಷೆಯೊದಗಿದ್ದು 1944ರ ಮಾರ್ಚ್ 12ರ ಭಾನುವಾರ ಬೆಳಿಗ್ಗೆ, ಊರಿನವರೆಲ್ಲ ಚರ್ಚಿನಲ್ಲಿದ್ದ ಹೊತ್ತಿನಲ್ಲಿ. ಹಿಂದೆ ಬೇರೆ ಬೇರೆ ಕಾಲೇಜುಗಳಿಗೆ ಆಡಿದ್ದ ಬಿಳಿಯ ಯುವಕರನ್ನು ಒಳಗೊಂಡಿದ್ದ ಡ್ಯೂಕ್ ವೈದ್ಯಕೀಯ ಕಾಲೇಜಿನ ತಂಡವು ಯಾರ ಕಣ್ಣಿಗೂ ಬೀಳದಂತೆ ಸುತ್ತುದಾರಿ ಹಿಡಿದು ಮೆಕ್ಲೆಂಡನ್ ಅವರ ಕಾಲೇಜಿಗೆ ಬಂದಿತು. ಒಳಗಿನಿಂದ ಬೀಗ ಹಾಕಿ ಆಟ ಆರಂಭಿಸಲಾಯಿತು. ಕಪ್ಪು–ಬಿಳಿಯರು ಕೂಡಿ ಆಡುವುದು ನಿಷಿದ್ಧವಾಗಿದ್ದ ಆ ಕಾಲದಲ್ಲಿ ಇದನ್ನು ಕೇವಲ ಹುಡುಗಾಟದ ಸಾಹಸವೆಂದು ಎಣಿಸುವಂತಿಲ್ಲ. ಅದೇ ವರ್ಷದ ಜುಲೈನಲ್ಲಿ, ಬಸ್ಸಿನ ಹಿಂದಿನ ಸೀಟಿಗೆ ಹೋಗುವ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಬೂಕರ್ ಸ್ಪೈಸ್ಲಿ ಎಂಬ ಕಪ್ಪು ಸೈನಿಕನನ್ನು ಬಸ್ ಚಾಲಕನು ಇದೇ ಡರ್ಹಮ್‌ನಲ್ಲಿ ಗುಂಡಿಟ್ಟು ಕೊಂದನು. ನ್ಯಾಯಾಲಯದಲ್ಲಿ ಆತ ನಿರ್ದೋಷಿಯೂ ಆದನು.

ಮೆಕ್ಲೆಂಡನ್ ಅವರ ಹುಡುಗರು 88–44 ಅಂಕಗಳಿಂದ ಗೆದ್ದರು. ನನ್ನನ್ನು ಹೆಚ್ಚು ಕಾಡುವುದು ಈ ಅಂಕಗಳಲ್ಲ, ಅನಂತರ ನಡೆದ ಎರಡನೆಯ ಆಟ. ಸೋತವರೂ ಗೆದ್ದವರೂ ಬೆರೆತು, ಒಂದು ತಂಡದವರು ಅಂಗಿ ತೊಟ್ಟು, ಇನ್ನೊಂದು ತಂಡದವರು ಅಂಗಿ ಕಳಚಿ, ಕಪ್ಪು–ಬಿಳಿಯರೆನ್ನದೆ ಎರಡು ಪಾಲಾಗಿ ಮತ್ತೆ ಆಡಿದರು. ಸುದ್ದಿ ತಿಳಿದಿದ್ದ ಸ್ಥಳೀಯ ಪತ್ರಕರ್ತರೊಬ್ಬರು ಅದನ್ನು ಬರೆಯಲಿಲ್ಲ. 1996ರಲ್ಲಿ ಇತಿಹಾಸಕಾರ ಸ್ಕಾಟ್ ಎಲ್ಸ್‌ವರ್ತ್ ಬರೆಯುವವರೆಗೂ ಹೊರಜಗತ್ತಿಗೆ ಆ ಬೆಳಗಿನ ಸುಳಿವಿರಲಿಲ್ಲ.

ಮುಂದಿನ ವೃತ್ತಿಜೀವನವೂ ಸಣ್ಣದಲ್ಲ. ಟೆನೆಸ್ಸೀಯ ಕಾಲೇಜೊಂದಕ್ಕೆ 1957ರಿಂದ 1959ರವರೆಗೆ ಸತತ ಮೂರು ಬಾರಿ, ಸಣ್ಣ ಕಾಲೇಜುಗಳ ಸಂಘಟನೆಯಾದ ಎನ್‌ಎಐಎಯ ರಾಷ್ಟ್ರೀಯ ಪ್ರಶಸ್ತಿಯನ್ನು ಅವರು ಗೆಲ್ಲಿಸಿಕೊಟ್ಟರು. 1966ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ಸೇರಿ, ಬಿಳಿಯರೇ ಹೆಚ್ಚಾಗಿದ್ದ ವಿಶ್ವವಿದ್ಯಾಲಯವೊಂದರ ಮೊದಲ ಕಪ್ಪು ಮುಖ್ಯ ಕೋಚ್ ಎನಿಸಿದರು. ತಮ್ಮ ಗುರುವಿನ ಹೆಸರಿನಲ್ಲಿರುವ ನೈಸ್ಮಿತ್ ಹಾಲ್ ಆಫ್ ಫೇಮ್‌ಗೆ 1979ರಲ್ಲಿ ಅವರನ್ನು ಸೇರಿಸಿಕೊಂಡಾಗ, ಸೇರಿಸಿದ್ದು 'ಕೊಡುಗೆ ನೀಡಿದವರು' ಎಂಬ ವಿಭಾಗದಲ್ಲಿ. ಕೋಚ್ ಎಂಬ ಹೆಸರಿನಲ್ಲಿಯೇ ಅಲ್ಲಿ ಸ್ಥಾನ ದೊರೆತದ್ದು 2016ರಲ್ಲಿ. ಅವರು ತೀರಿಕೊಂಡು ಆಗಲೇ ಸುಮಾರು ಹದಿನೇಳು ವರ್ಷಗಳಾಗಿದ್ದವು.